ಸೂರ್ಯನ ಕುದುರೆ

ಮತ್ತಿಕೆರೆ, ಮೂರನೇ ಅಡ್ಡರಸ್ತೆ, ಬೆಳಗಿನ ಜಾವ ಮೂರು.
ವಾಲ್ವು ತಿರುಗಿಸಿ, ಕಬ್ಬಿಣದ ಕೀಲಿ ಹೆಗಲಿಗೇರಿಸಿ
ಫಿಲೋಮಿನಾ ಟೀಚರ ಗೇಟಿನ ಮುಂದೆ ನಿಂತೆ.
ಸಂಪಿನ ಮುಚ್ಚಳ ಸರಿಸಿ ಕಾಯುತ್ತಿದ್ದರು,
ನೈಟಿಯ ಮೇಲೆ ಗಂಡನ ಸ್ವೆಟರು, ಕೈಯಲ್ಲಿ ಟಾರ್ಚು.
"ಬಂತೇನಪ್ಪ ಮುನಿಪಿಳ್ಳಪ್ಪ?"
"ಬರ್ತಿದೆ ಟೀಚರ್, ಮೊದಲು ಗಾಳಿ."
ಪೈಪು ಕೆಮ್ಮಿತು, ಉಗುಳಿತು,
ಆಮೇಲೆ ಕಾವೇರಿ.

ಆಗಲೇ ಅದು ಕಂಡಿದ್ದು.
ದಾಸವಾಳದ ಗಿಡ ಇಳಿದು
ಸಿಮೆಂಟಿನ ಮೇಲೆ ನಡೆದು ಬರುತ್ತಿತ್ತು
ಹಸಿರು ಸೂರ್ಯನ ಕುದುರೆ,
ಮುಂಗಾಲು ಜೋಡಿಸಿಕೊಂಡು,
ತುಂಬು ಬಸುರಿಯ ಹಾಗೆ ನಿಧಾನ.
ಅದರ ಕುಲಕ್ಕೆ ನೀರಿನ ಗೊಡವೆಯಿಲ್ಲ,
ಎಲೆ ಮೇಲಿನ ಒಂದು ಹನಿ ಇಬ್ಬನಿ ಸಾಕು.
ಇದು ಮಾತ್ರ ಸಂಪಿನ ಅಂಚಿಗೆ ಬಂದು
ಟಾರ್ಚಿನ ಬೆಳಕು ನೀರಲ್ಲಿ ಒಡೆಯುವುದನ್ನು
ಕತ್ತು ವಾಲಿಸಿ ನೋಡಿ
ಹಾರಿತು.

ಬಕೆಟ್ಟಿಗೆ ಕೈ ಹಾಕಿದೆ.
"ಇರು," ಅಂದರು ಟೀಚರು.

ಹಿಂಬದಿಯಿಂದ ಒಂದು ಕಪ್ಪು ಎಳೆ.
ಬಂತು, ಬಂತು, ಬರುತ್ತಲೇ ಇತ್ತು,
ಗೇಣುದ್ದ, ಮೇಲೆ ಇನ್ನೂ ನಾಲ್ಕು ಬೆರಳು,
ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅಷ್ಟೊಂದು ಸುರುಳಿ.
ಬಿಡಿಸಿಕೊಂಡು, ಗಂಟು ಹಾಕಿಕೊಂಡು
ಆಳಕ್ಕೆ ಹೋಯಿತು.

ನಮ್ಮಜ್ಜಿ ಹೇಳುತ್ತಿದ್ದಳು:
ಯಲಹಂಕ ಕೆರೆಯಲ್ಲಿ ಜಟಕಾ ಕುದುರೆ ತೊಳೆದರೆ
ಬಾಲದ ಕೂದಲು ಉದುರಿ ಜೀವ ಬಂದು ಈಜುತ್ತದಂತೆ.
ಟೀಚರು ನಕ್ಕರು.
"ಕುದುರೆ ಸರಿ, ಕೂದಲು ಸರಿ, ನೀರೂ ಸರಿ.
ಜೋಡಿಸಿದ್ದು ತಪ್ಪಿದೆ, ಅಷ್ಟೇ."

ಮೂವತ್ತು ವರ್ಷ ವಿಜ್ಞಾನ ಹೇಳಿದವರು,
ಸಂಪು ತುಂಬುವಷ್ಟರಲ್ಲಿ ಪಾಠ ಮುಗಿಸಿದರು.
ಹುಳ ನೀರಲ್ಲಿ ಮೊಟ್ಟೆಯಿಡುತ್ತದೆ.
ಮರಿಯನ್ನು ಸೊಳ್ಳೆಯ ಮರಿ ನುಂಗಿ,
ರೆಕ್ಕೆ ಬಂದ ಸೊಳ್ಳೆಯನ್ನು ಇದು ನುಂಗಿ.
ಒಳಗೇ ಉಂಡು, ಒಳಗೇ ಬೆಳೆದು,
ಬೆಳೆದ ಮೇಲೆ ಹುಳಕ್ಕೆ ನೀರು ಬೇಕು, ಕಾಲಿಲ್ಲ.
"ಕಾಲಿರುವವರ ತಲೆಗೆ ಏನೋ ಹೇಳುತ್ತೆ."
"ಏನಂತ?"
"ಹೊಳೆಯೋದರ ಕಡೆ ಹೋಗು ಅಂತ ಇರಬಹುದು."
"ಆಗ ಇದಕ್ಕೆ, ಟೀಚರ್,
ತನಗೇ ಬಾಯಾರಿದೆ ಅನ್ನಿಸುತ್ತಾ?"
ಅವರು ಕೋಲು ಇಳಿಸಿ
ನೀರಿನ ಮಟ್ಟ ನೋಡುತ್ತಿದ್ದರು.

ನನ್ನ ತಮ್ಮನ ನೆನಪಾಯಿತು.
ಗೊರಗುಂಟೆಪಾಳ್ಯದ ಬಾರಿನ ನೀಲಿ ಬೋರ್ಡಿಗೆ
ಸಂಬಳದ ದಿನ ಹೀಗೇ ನಡೆದು ಹೋಗುತ್ತಿದ್ದ.
ಅವನೊಳಗೂ ಒಂದು ಹುಳವಿತ್ತೆಂದು
ಕ್ಷಮಿಸಿಬಿಡಲೇ ಅಂದುಕೊಂಡೆ.
ಬೇಡ ಅನ್ನಿಸಿತು.
ಹುಳ ಅಷ್ಟು ಸುಳ್ಳು ಹೇಳುವುದಿಲ್ಲ.

ಚಹಾ ಸೋಸುವ ಜಾಲರಿಯಲ್ಲಿ ಎತ್ತಿದರು ಟೀಚರು.
ಜೀವವಿತ್ತು. ಗಿಡಕ್ಕೆ ಬಿಟ್ಟೆವು.
ಹೊಟ್ಟೆ ಖಾಲಿ ಸಂಚಿ.
ಮುಂಗಾಲಲ್ಲಿ ಮುಖ ಒರೆಸಿಕೊಂಡಿತು,
ಬೇರೆ ಯಾರದೋ ಮನೆಯಲ್ಲಿ ಎಚ್ಚರವಾದವರ ಹಾಗೆ.
ಬದುಕಿತೋ ಇಲ್ಲವೋ ಕಾಣೆ.
ಮರುದಿನ ನಮ್ಮ ಕಡೆ ನೀರಿನ ಸರದಿ ಇರಲಿಲ್ಲ.

ಈಗ ನಾನು ನಿವೃತ್ತನಾಗಿ ಎರಡು ವರ್ಷ.
ಮೂರಕ್ಕೆ ಎಚ್ಚರ ಮಾತ್ರ ತಪ್ಪಿಲ್ಲ.
ಕಣ್ಣಿಗಿಂತ ಮೊದಲು ಕಾಲು ಏಳುತ್ತವೆ,
ಕತ್ತಲಲ್ಲೇ ಚಪ್ಪಲಿ ಹುಡುಕುತ್ತವೆ.
"ಯಾರು ಕರೀತಾರೆ ನಿನ್ನ ಈ ಹೊತ್ತಲ್ಲಿ?"
ಅಕ್ಕಯಮ್ಮ ಹೊದಿಕೆಯೊಳಗಿಂದ ಕೇಳುತ್ತಾಳೆ.
ನನಗೆ ಗೊತ್ತಿದ್ದರೆ ತಾನೆ.
ಇಡೀ ಬಡಾವಣೆ ನನ್ನ ಕೈಯಿಂದ ಕುಡಿದು,
ಅದರ ದಾಹ ನನ್ನಲ್ಲೇ ಉಳಿದುಹೋಯಿತೋ,
ಅಥವಾ ಮುದುಕರಿಗೆ ನಿದ್ದೆ ಕಡಿಮೆ, ಇಷ್ಟೇನೋ.

ಮೊನ್ನೆ ಅಡ್ಡರಸ್ತೆಯ ಮೂಲೆಯಲ್ಲಿ ಸಾದಿಕ್ ಸಿಕ್ಕಿದ,
ಹೊಸ ಹುಡುಗ, ಕಿವಿಯಲ್ಲಿ ಹಾಡು.
ನನ್ನ ನೋಡಿ ಏನೂ ಕೇಳಲಿಲ್ಲ,
ಕೀಲಿ ಚಾಚಿದ.
ಕಬ್ಬಿಣ ತಣ್ಣಗಿತ್ತು.
ಎಡಕ್ಕೆ ಹದಿನೆಂಟು ಸುತ್ತು.
ನಾನು ಎಣಿಸಲಿಲ್ಲ.